ಕೀಬೋರ್ಡ್ ಬೇಡ ಅಕ್ಕಾರೆ, ಮೊದಲು ಶ್ರುತಿ ಏರಿಸಿ

ಅಕ್ಕಾರೆ, ನಿಮ್ಮ ವಿಡಿಯೋ ಪೂರ್ತಿ ನೋಡಿದೆ. ವಿಜಯಪುರದಲ್ಲಿ ಎರಡರಿಂದ ಐದು ವರ್ಷದ ಮಕ್ಕಳನ್ನೂ ಅವರ ಅಪ್ಪ ಅಮ್ಮಂದಿರನ್ನೂ ಕೂಡಿಸಿ ಹಾಡಿನ ಕ್ಲಾಸ್ ಶುರು ಮಾಡಿದ್ದೀರಿ, ಬಹಳ ಖುಷಿಯಾಯಿತು. "ಮಕ್ಕಳು ಬಾಯಿ ಬಿಡುತ್ತಿಲ್ಲ, ದೊಡ್ಡವರು ಫೋನ್ ಬಿಡುತ್ತಿಲ್ಲ. ಕೀಬೋರ್ಡ್ ತಂದರೆ ಸರಿ ಹೋಗುತ್ತಾ, ಯಾವ ಕಂಪನಿದು ತಗೊಳ್ಳಲಿ?" ಅಂತ ಕೇಳಿದ್ದೀರಿ. ಕೆಳಗೆ ಎಲ್ಲರೂ ಕ್ಯಾಸಿಯೋ ಒಳ್ಳೇದಾ ಯಮಾಹಾ ಒಳ್ಳೇದಾ ಅಂತ ಜಗಳಕ್ಕೆ ಬಿದ್ದಿದ್ದಾರೆ. ಒಬ್ಬರಾದರೂ ನಿಮ್ಮ ಪೇಟಿ (ಹಾರ್ಮೋನಿಯಂ) ಮೇಲೆ ಬೆರಳು ಎಲ್ಲಿದೆ ಅಂತ ನೋಡಿಲ್ಲ.

ನಿಮ್ಮ ಸ ಕರಿ 4ರಲ್ಲಿದೆ, ಅಂದರೆ ಪೇಟಿಯ ಸಪ್ತಕದಲ್ಲಿ ನಾಲ್ಕನೇ ಕರಿ ಮನೆ. ನಿಮ್ಮ ಗಂಟಲಿಗೆ ಅದು ಸರಿ, ಬೈಠಕ್ಕಿಗೂ ಸರಿ. ಮಕ್ಕಳಿಗೆ ಸರಿಯಲ್ಲ. ನಾನೂ ಹೀಗೇ ನನ್ನ ಶ್ರುತಿಯಲ್ಲಿ ಕೂತು ಮಕ್ಕಳಿಗೆ ಸ್ವರಜ್ಞಾನ ಇಲ್ಲ ಅಂತ ಗೊಣಗುತ್ತಿದ್ದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮುಂದೆ ಕೂತ ಹಸಿರು ಫ್ರಾಕಿನ ಹುಡುಗಿಯನ್ನು ಇನ್ನೊಮ್ಮೆ ನೋಡಿ. ನೀವು ಸ ಹಿಡಿದಾಗ ಅವಳು ಬಾಯಿ ತೆಗೆಯುತ್ತಾಳೆ, ಆದರೆ ಬರುವುದು ಮಾತಿನ ದನಿ. ಸುಮ್ನೆ "ಸಾ" ಅಂತ ಹೇಳುತ್ತಾಳೆ, ಹಾಡುವುದಿಲ್ಲ. ನೀವು ಪ ಮುಟ್ಟಿದ ಕೂಡಲೇ ಕತ್ತು ಎತ್ತಿ ಸರಿಯಾಗಿ ದನಿ ಸೇರಿಸುತ್ತಾಳೆ. ಮತ್ತೆ ನೀವು ಕೆಳಗಿಳಿದಿರಿ, ಅವಳು ಫ್ರಾಕಿನ ಗುಂಡಿ ಎಳೆಯುತ್ತಾ ಕೂತಳು. ಅವಳಿಗೆ ಸ್ವರ ಗೊತ್ತಿದೆ ಅಕ್ಕಾರೆ. ನೀವು ಹಾಡುವ ಜಾಗ ಅವಳ ಗಂಟಲಲ್ಲಿ ಇನ್ನೂ ಇಲ್ಲ.

ಈ ವಯಸ್ಸಿನವರ ದನಿ ಆರಾಮಾಗಿ ಓಡಾಡುವುದು ಬಿಳಿ 2ರಿಂದ ಬಿಳಿ 6ರವರೆಗೆ. ಅಷ್ಟೇ. ಹಾಗಾಗಿ ಬಿಳಿ 2ನ್ನು ಸ ಮಾಡಿಕೊಳ್ಳಿ. ರಿ ಬಿಳಿ 3, ಗ ಕರಿ 3, ಪ ಬಿಳಿ 6. ಹಾಡು ಈ ಸ ಮತ್ತು ಪ ಸ್ವರಗಳ ನಡುವೆಯೇ ಮುಗಿಯಬೇಕು. ಪೇಟಿಯಲ್ಲಿ ಯಾವ ಸಪ್ತಕ ಅಂತ ಗೊಂದಲ ಆದರೆ ಫೋನಿನ ಟ್ಯೂನರ್ ಹಚ್ಚಿ ನೀವೇ ಹಾಡಿ ನೋಡಿ. ಸ 293 ಹರ್ಟ್ಸ್ ಹತ್ತಿರ, ಪ 440ರ ಹತ್ತಿರ ಬರಬೇಕು. ಅರ್ಧ ಬಂದರೆ ನೀವು ಒಂದು ಸಪ್ತಕ ಕೆಳಗಿದ್ದೀರಿ ಅಂತ ಅರ್ಥ.

ಅಮ್ಮಂದಿರು ಮೊದಲ ದಿನ "ಅಯ್ಯೋ, ಅಷ್ಟು ಮೇಲೆ ನಮಗೆ ಆಗಲ್ಲರೀ" ಅನ್ನುತ್ತಾರೆ. ಆಗುತ್ತದೆ. ಎದೆ ಒತ್ತಿ ಜೋರಾಗಿ ಹಾಡುವುದಕ್ಕೆ ಆಗುವುದಿಲ್ಲ, ಅಷ್ಟೇ. ಪಕ್ಕದ ಕೋಣೆಯಲ್ಲಿ ಕೂಸು ಮಲಗಿದೆ ಅಂದುಕೊಂಡು ಹಾಡಿ ಅಂತ ಹೇಳಿ. ತಾನಾಗಿ ದನಿ ಹಗುರಾಗಿ ಮೇಲೆ ಹೋಗುತ್ತದೆ. "ಜೋರಾಗಿ ಹಾಡಿ" ಅನ್ನುವ ಮಾತನ್ನು ದಯವಿಟ್ಟು ಬಾಯಲ್ಲೇ ತರಬೇಡಿ. ಅದು ಶಾಲೆಯ ಗ್ಯಾದರಿಂಗ್ ಚಟ. ಜೋರು ಅಂದ ತಕ್ಷಣ ಮಕ್ಕಳು ಕಿರುಚುತ್ತವೆ, ಕಿರುಚುವ ಗಂಟಲು ಸ್ವರ ಹಿಡಿಯುವುದಿಲ್ಲ.

ಅಪ್ಪಂದಿರದು ಬೇರೆ ತಾಪತ್ರಯ. ಅವರು ಒಂದು ಸಪ್ತಕ ಕೆಳಗೆ ಹಾಡುತ್ತಾರೆ, ತಪ್ಪೇನಿಲ್ಲ. ಆದರೆ ಕೆಲವು ಮಕ್ಕಳು ಅದನ್ನೇ ಹಿಡಿಯಲು ಹೋಗಿ ಗೊರಗೊರ ಅನ್ನುತ್ತವೆ. ಅಪ್ಪ ಒಬ್ಬರೇ ಬಂದಿದ್ದರೆ ಆ ಜೋಡಿಯ ಪಕ್ಕ ನೀವು ಕೂತುಕೊಳ್ಳಿ, ಇಲ್ಲವೇ ಗಟ್ಟಿ ದನಿಯ ಅಜ್ಜಿಯನ್ನು ಕೂರಿಸಿ. ಅಪ್ಪಂದಿರನ್ನು ಮಾತ್ರ ಹಾಡುವುದರಿಂದ ಬಿಡಿಸಬೇಡಿ. ಮತ್ತೆ, ಎಲ್ಲ ಮಕ್ಕಳೂ ಬಿಳಿ 2ಕ್ಕೇ ಸರಿಯಾಗಿ ಕೂರುತ್ತಾರೆ ಅಂತಲ್ಲ. ಒಂದೊಂದು ಮಗು ಇನ್ನೂ ಮೇಲೆ, ಒಂದೊಂದು ಕೆಳಗೆ. ನೆಗಡಿ ಬಂದ ವಾರ ಎಲ್ಲ ಲೆಕ್ಕ ತಪ್ಪುತ್ತದೆ. ನಾಲ್ಕು-ಐದರವರೆಗೂ ಸ್ವರ ಅತ್ತಿತ್ತ ಜಾರುವುದು ಮಾಮೂಲು. ಅದನ್ನು ತಿದ್ದಲು ಹೋಗಬೇಡಿ. ನೀವು ಸರಿಯಾಗಿ ಹಾಡಿ ಸಾಕು.

ತಂಬೂರಿ ಬಗ್ಗೆ. ನಿಮ್ಮ ಹತ್ತಿರ ಇರುವುದು ಹೆಂಗಸರ ತಂಬೂರಿ. ಅದನ್ನು ಬಿಳಿ 2ಕ್ಕೆ ಎಳೆದರೆ ತಂತಿ ಹರಿಯುತ್ತದೆ. ಗಂಡಸರ ತಂಬೂರಿಯೇ ಬೇಕು, ಅದು ಒಂದು ಸಪ್ತಕ ಕೆಳಗೆ ನುಡಿದರೂ ನಡೆಯುತ್ತದೆ. ದುಡ್ಡಿದ್ದರೆ ಮೀರಜಿಗೆ ಹೋಗಿ ಕೂತು ಕೇಳಿ ತನ್ನಿ. 2024ರಲ್ಲಿ ಮೀರಜಿನ ತಂಬೂರಿ, ಸಿತಾರಿಗೆ ಜಿಐ ಗುರುತು (ಇಂಥ ಊರಿನದೇ ಮಾಲು ಅನ್ನುವ ಸರ್ಕಾರಿ ಗುರುತು) ಸಿಕ್ಕ ಮೇಲೆ ಎಲ್ಲ ಕಡೆ "ಮೀರಜ್ ಮಾಲು" ಅಂತ ಮಾರುತ್ತಾರೆ, ಹುಷಾರು. ಇಲ್ಲದಿದ್ದರೆ ರಾಡೆಲ್‌ನವರ ರಾಗಿಣಿ ಅನ್ನುವ ಎಲೆಕ್ಟ್ರಾನಿಕ್ ತಂಬೂರಿ ಸಾಕು, ಕರೆಂಟ್ ಹೋದಾಗ ನಡೆಯುವಂಥದ್ದನ್ನು ತಗೊಳ್ಳಿ. ಫೋನಿನ ಆ್ಯಪ್ ಕೂಡ ಸಾಕು ಅನ್ನಿ, ಆದರೆ ನಡುವೆ ಕಾಲ್ ಬಂದರೆ ಎಲ್ಲ ಹಾಳು. ಅಗ್ಗ ಅಂತ ಹೆಸರಿಲ್ಲದ ಡಬ್ಬಿ ತರಬೇಡಿ. ಹಾಗೆ ತಂದ ಒಂದು ನನ್ನ ಮನೆಯಲ್ಲೂ ಬಿದ್ದಿದೆ, ಬಿಸಿಯಾದಂತೆ ಶ್ರುತಿ ಇಳಿಸುತ್ತದೆ. ನಿಜವಾದ ತಂಬೂರಿಯ ಲಾಭ ಬೇರೆ. ಮಕ್ಕಳು ಬುರುಡೆಗೆ ಅಂಗೈ ಹಚ್ಚಿ, ಕೆನ್ನೆ ಹಚ್ಚಿ ಕೂರುತ್ತವೆ. ತಂತಿ ಮೀಟಿದಾಗ ಕೈಗೆ ಜುಮ್ಮನ್ನುವುದನ್ನು ಬಿಟ್ಟು ಏಳುವುದೇ ಇಲ್ಲ.

ಈಗ ಕೀಬೋರ್ಡ್. ಕ್ಯಾಸಿಯೋ ಆಗಲಿ ಯಮಾಹಾ ಆಗಲಿ ವಸ್ತು ಕೆಟ್ಟದ್ದಲ್ಲ. ಆದರೆ ಈ ಕ್ಲಾಸಿಗೆ ತಂದಿರೋ, ಒಬ್ಬ ಡೆಮೋ ಗುಂಡಿ ಒತ್ತುತ್ತಾನೆ, ಉಳಿದವರೆಲ್ಲ ಅವನ ಮೇಲೆ ಬೀಳುತ್ತಾರೆ, ಕ್ಲಾಸ್ ಮುಗಿಯಿತು. ಆರೇಳು ವರ್ಷದವರಿಗೆ ಬೇರೆ ಬ್ಯಾಚ್ ಮಾಡಿದಾಗ ನೋಡೋಣ. ಬ್ಲೂಟೂತ್ ಸ್ಪೀಕರಿನಲ್ಲಿ ರೈಮ್ಸ್ ಹಾಕುವುದನ್ನಂತೂ ಇವತ್ತೇ ನಿಲ್ಲಿಸಿ. ಸ್ಪೀಕರ್ ಹಾಡಿದರೆ ಅಮ್ಮ ಹಾಡುವುದಿಲ್ಲ, ಅಮ್ಮ ಹಾಡದಿದ್ದರೆ ಮಗು ಹಾಡುವುದಿಲ್ಲ. ಸ್ಪೀಕರ್ ಮಗುವಿಗಾಗಿ ಕಾಯುವುದೂ ಇಲ್ಲ.

ಕಾಯುವುದೇ ಈ ಕೆಲಸದಲ್ಲಿ ಮುಖ್ಯ. ನಾನು ಮಾಡುವುದು ಇಷ್ಟೇ. ಬಿಳಿ 6, ಆಮೇಲೆ ಕರಿ 3. ಪ-ಗ. ಈ ಎರಡು ಸ್ವರದಲ್ಲಿ ಮಗುವಿನ ಹೆಸರು ಕರೆಯುತ್ತೇನೆ: "ಪು-ಟ್ಟೀ". ಅಮ್ಮ ಅದೇ ಪ-ಗದಲ್ಲಿ "ಓ-ಓ" ಅನ್ನಬೇಕು. ಮಕ್ಕಳು ಅಂಗಳದಲ್ಲಿ ಒಬ್ಬರನ್ನೊಬ್ಬರು ಕೂಗುವಾಗ ಹೆಚ್ಚು ಕಡಿಮೆ ಇದೇ ಸ್ವರ ಬರುತ್ತದೆ, ಕೇಳಿ ನೋಡಿ. ಹಂಗೇರಿಯ ಕೊದಾಯ್ ಅವರ ಪದ್ಧತಿಯಲ್ಲೂ ಪಾಠ ಶುರುವಾಗುವುದು ಇವೇ ಎರಡು ಸ್ವರದಿಂದ, ಅವರ ಸೋಲ್-ಮಿ ಅಂದರೆ ನಮ್ಮ ಪ-ಗ. ಕರೆದ ಮೇಲೆ ಸುಮ್ಮನೆ ಕೂರಬೇಕು. "ಹೇಳು ಪುಟ್ಟಿ, ಹೇಳು, ಮಿಸ್ ಕೇಳ್ತಿದ್ದಾರೆ" ಅಂತ ಅಮ್ಮಂದಿರು ತಿವಿಯುತ್ತಾರೆ, ಹಾಗೆ ಮಾಡಲು ಬಿಡಬೇಡಿ. ಮಗು ಹಾಡದಿದ್ದರೆ ಅಮ್ಮ ಹಾಡಲಿ, ಮುಂದಿನ ಮಗುವಿಗೆ ಹೋಗಿ. ಎಷ್ಟೋ ಮಕ್ಕಳು ಕ್ಲಾಸಿನಲ್ಲಿ ವಾರಗಟ್ಟಲೆ ಬಾಯಿ ತೆರೆದು ನೋಡುತ್ತಲೇ ಇರುತ್ತವೆ. ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಹಾಡುತ್ತವೆ, ಮನೆಯಲ್ಲಿ ಜಳಕದ ಹೊತ್ತಿಗೆ ಹಾಡುತ್ತವೆ. ಅದನ್ನು ಬಂದು ಹೇಳುವುದು ಅಮ್ಮಂದಿರ ಹೋಂವರ್ಕ್.

ಹಾಡಿನಲ್ಲೂ ಹಾಗೇ. ಸಾಲಿನ ಕೊನೆಯ ಪದ ಬಿಟ್ಟು ನಿಲ್ಲಿಸಿ, ತಾಳ ಮಾತ್ರ ಹಾಕುತ್ತಿರಿ. ಒಂದಲ್ಲ ಒಂದು ದಿನ ಯಾರೋ ಆ ಪದ ತುಂಬುತ್ತಾರೆ. ಇದು ಆಗಬೇಕಾದರೆ ಹಾಡು ಹಳೆಯದಾಗಿರಬೇಕು. ವಾರಕ್ಕೊಂದು ಹೊಸ ಹಾಡು ಕೊಟ್ಟರೆ ಅಪ್ಪ ಅಮ್ಮಂದಿರಿಗೆ ದುಡ್ಡು ವಸೂಲಾದಂತೆ ಅನ್ನಿಸುತ್ತದೆ, ಮಕ್ಕಳಿಗೆ ಏನೂ ಸಿಗುವುದಿಲ್ಲ. "ಅದೇ ಹಾಡಾ?" ಅಂದರೆ ಹೌದು ಅದೇ ಅನ್ನಿ.

ಹಾಡು ಎಲ್ಲಿಂದ ತರಲಿ ಅಂತ ಇನ್ನೊಬ್ಬರು ಕೇಳಿದ್ದಾರೆ. ಯೂಟ್ಯೂಬಿನಿಂದ ಯಾಕೆ? ನಮ್ಮ ಜಿಲ್ಲೆಯ ಹಲಸಂಗಿಯ ಗೆಳೆಯರು ಅನ್ನುವ ಬಳಗದವರು ಹೆಂಗಸರ ಬಾಯಿಂದ ಬೀಸುವ ಪದ, ಕೂಸಿನ ಪದ ಕೇಳಿ ಬರೆದುಕೊಂಡದ್ದು ಇದೇ ಸೀಮೆಯಲ್ಲಿ. ಆ ತ್ರಿಪದಿಗಳು ಹೆಚ್ಚಾಗಿ ನಾಲ್ಕೈದು ಸ್ವರದಲ್ಲೇ ಸುತ್ತುತ್ತವೆ, ಬಿಳಿ 2ರ ಸ-ಪಕ್ಕೆ ಅಳತೆ ಮಾಡಿದಂತೆ ಕೂರುತ್ತವೆ. ಪ್ರತಿ ಮನೆಯಿಂದ ಅಜ್ಜಿಯ ಒಂದು ಜೋಗುಳ ತನ್ನಿ ಅನ್ನಿ. ಲಂಬಾಣಿ, ಮರಾಠಿ, ಉರ್ದು ಯಾವುದಾದರೂ ಬರಲಿ. ಅಜ್ಜಿಯೇ ಬಂದು ಹಾಡಿದರೆ ಅವತ್ತು ನೀವು ಸುಮ್ಮನಿದ್ದುಬಿಡಿ.

ಸರಿಗಮ ಕಲಿಸಿ, ಪರೀಕ್ಷೆಗೆ ಕೂರಿಸಿ ಅನ್ನುವ ಅಪ್ಪಂದಿರು ಬಂದೇ ಬರುತ್ತಾರೆ. ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು ಏಳೆಂಟು ವರ್ಷಕ್ಕೆ ಸ್ಟೇಜ್ ಹತ್ತಿದ್ದರು ಅಂತ ಉದಾಹರಣೆ ಬೇರೆ. ಹೌದು, 1924ರಲ್ಲಿ ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ ಹುಟ್ಟಿದ ಆ ಹುಡುಗನ ಮನೆಯಲ್ಲಿ ತಂದೆಯೇ ಹಾಡುತ್ತಿದ್ದರು. ನೀವು ಮನೆಯಲ್ಲಿ ಏನು ಹಾಡುತ್ತೀರಿ ಅಂತ ಕೇಳಿ, ಅರ್ಧ ಜನ ಅಲ್ಲಿಗೇ ಸುಮ್ಮನಾಗುತ್ತಾರೆ. ಜಪಾನಿನ ಸುಜುಕಿ ಅವರ ಪದ್ಧತಿಯಲ್ಲಿ ಪಿಟೀಲನ್ನು ಮಗುವಿಗಿಂತ ಮೊದಲು ತಾಯಿ ಕಲಿಯುತ್ತಾಳೆ. ನಿಮ್ಮ ಕ್ಲಾಸಿನಲ್ಲೂ ವಿದ್ಯಾರ್ಥಿಗಳು ದೊಡ್ಡವರೇ. ಇದನ್ನು ಸೇರುವ ದಿನವೇ ಹೇಳಿಬಿಡಿ. ತೀರಾ ಒತ್ತಾಯ ಮಾಡಿದರೆ ಭೂಪ್ ರಾಗದ ಐದು ಸ್ವರ ಕೊಡಿ, ಅದರಲ್ಲಿ ಅರ್ಧ ಸ್ವರದ ಕಷ್ಟ ಇಲ್ಲ.

ಕುರ್ಚಿ ತೆಗೆಸಿ. ಕುರ್ಚಿ ಇರುವವರೆಗೂ ಅವರು ನೋಡುವವರು. ಗುಂಡಗೆ ನೆಲದ ಮೇಲೆ ಕೂರಿಸಿ, ಮಗು ತೊಡೆಯ ಮೇಲೆ. ಬಾಗಿಲಲ್ಲಿ ಫೋನಿಗೆ ಒಂದು ಬುಟ್ಟಿ. ಪೂರ್ತಿ ಬೇಡ ಅಂದರೆ ಜಗಳ ಆಗುತ್ತದೆ, ಕೊನೆಯ ಎರಡು ನಿಮಿಷ ವಿಡಿಯೋಗೆ ಅಂತ ಕೊಟ್ಟುಬಿಡಿ. ನಿಮ್ಮ ಹಾಲಿನಲ್ಲಿ ಶಹಾಬಾದ್ ಕಲ್ಲು, ಮೇಲೆ ಆರ್‌ಸಿಸಿ, ಒಂದು ಚಪ್ಪಾಳೆ ನಾಲ್ಕಾಗಿ ಕೇಳುತ್ತಿದೆ. ಪ್ರತಿಧ್ವನಿ ಬೇಕಾದವರು ಗೋಳಗುಮ್ಮಟಕ್ಕೆ ಟಿಕೆಟ್ ತೆಗೆಸಲಿ, ನಮಗೆ ಬೇಡ. ಎರಡು ಜಮಖಾನೆ ಹಾಸಿ, ಹಿಂದಿನ ಗೋಡೆಗೆ ಹಗ್ಗ ಕಟ್ಟಿ ಮೂರ್ನಾಲ್ಕು ಕೌದಿ ಇಳಿಬಿಡಿ. ಮಕ್ಕಳ ದನಿ ಆಗ ಕೇಳುತ್ತದೆ.

ಲಯದಲ್ಲಿ ನಿಮ್ಮದು ತೀರಾ ವಿಲಂಬಿತ. ಮಕ್ಕಳ ಕೈ ನಮ್ಮದಕ್ಕಿಂತ ಚುರುಕು, ನಿಮಿಷಕ್ಕೆ 120 ಮಾತ್ರೆಗಿಂತ (ತಾಳದ ಪೆಟ್ಟಿಗಿಂತ) ಕೆಳಗೆ ಇಳಿಸಬೇಡಿ. ಅವರು ನಿಮ್ಮ ಲಯಕ್ಕೆ ಬರಲಿ ಅಂತ ಕಾಯುವ ಬದಲು ನೀವೇ ಅವರ ಲಯಕ್ಕೆ ಹೋಗಿ. ನಾನು ಅಮ್ಮಂದಿರಿಗೆ ರೊಟ್ಟಿ ಬಡಿಯುವ ಹಾಗೆ ಜಮಖಾನೆ ಬಡಿಯಿರಿ ಅನ್ನುತ್ತೇನೆ. ಅದನ್ನು ಯಾರೂ ಕಲಿಸಬೇಕಿಲ್ಲ, ಮಕ್ಕಳಿಗೂ ಕೇಳಿ ಕೇಳಿ ಗೊತ್ತಿರುತ್ತದೆ.

ಗಿಲಕಿ ಮನೆಯಲ್ಲೇ ಮಾಡಿ. ಸಣ್ಣ ಗಟ್ಟಿ ಬಾಟಲಿಗೆ ಕಾಲು ಭಾಗ ಜೋಳ, ಇನ್ನೊಂದಕ್ಕೆ ಕುಸುಬಿ, ದನಿ ಬೇರೆ ಬೇರೆ ಬರುತ್ತದೆ. ಮುಚ್ಚಳಕ್ಕೆ ಅಂಟು ಹಾಕಿ, ಮೇಲೆ ಟೇಪ್ ಸುತ್ತಿ, ಪ್ರತಿ ವಾರ ತಿರುವಿ ನೋಡಿ. ಶೇಂಗಾ ಮಾತ್ರ ತುಂಬಬೇಡಿ, ಬಿಚ್ಚಿಕೊಂಡರೆ ಗಂಟಲಿಗೆ ಸಿಕ್ಕಿಬೀಳುತ್ತದೆ. ವಿಡಿಯೋದಲ್ಲಿ ಬಿಡಿ ಗೆಜ್ಜೆ ಪೋಣಿಸಿದ ದಾರ ಮಕ್ಕಳ ಕೈಯಲ್ಲಿ ಕಂಡೆ. ಅದನ್ನು ಈಗಲೇ ಎತ್ತಿಡಿ, ಮೂರರೊಳಗಿನವರು ಎಲ್ಲವನ್ನೂ ಬಾಯಿಗೆ ಹಾಕುತ್ತಾರೆ.

ಸಮಯ ಅರ್ಧ ಗಂಟೆ, ಹೆಚ್ಚೆಂದರೆ 35 ನಿಮಿಷ. ಎಂಟು-ಹತ್ತು ಜೋಡಿ ಸಾಕು. ಮಾರ್ಚ್ ಬಂತೆಂದರೆ ಸಂಜೆ ಐದಕ್ಕೆ ನಮ್ಮೂರಲ್ಲಿ ಹಾಲ್ ಕಾದಿರುತ್ತದೆ, ಬೆಳಿಗ್ಗೆಗೆ ಬದಲಿಸಿ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಯ ವಾರ ರಜೆ ಕೊಟ್ಟುಬಿಡಿ, ಯಾರೂ ಬರುವುದಿಲ್ಲ. ಫೀಸು ಎಂಟು ವಾರದ್ದು ಮುಂಗಡ ತಗೊಳ್ಳಿ. ವಾರವಾರ ಕೇಳಿದರೆ ಮಗು ಹಾಡದ ವಾರ ಕೊಡುವುದಿಲ್ಲ.

ಕೀಬೋರ್ಡಿಗೆ ಇಟ್ಟ ದುಡ್ಡಿನಲ್ಲಿ ಏನಾದರೂ ತರಲೇಬೇಕು ಅಂದರೆ ಒಂದು ದಮ್ಮಡಿ (ಕೈಯಲ್ಲಿ ಹಿಡಿದು ಬಾರಿಸುವ ಸಣ್ಣ ಚರ್ಮವಾದ್ಯ) ತನ್ನಿ. ಒಂದೇ ಸಾಕು, ಕೈಯಿಂದ ಕೈಗೆ ಹೋಗಲಿ, ಸರದಿ ಕಾಯುವುದನ್ನೂ ಕಲಿಯುತ್ತಾರೆ. ಹಲಗಿ ಬೇಡ, ಆ ಹಾಲಿನಲ್ಲಿ ಸಣ್ಣ ಮಕ್ಕಳ ಕಿವಿಗೆ ವಿಪರೀತ. ಚರ್ಮದ ದಮ್ಮಡಿ ಮಳೆಗಾಲದಲ್ಲಿ ಸಡಿಲಾಗಿ ದೊಬ್ ದೊಬ್ ಅನ್ನುತ್ತದೆ. ಕ್ಲಾಸಿಗೆ ಮುಂಚೆ ಸ್ವಲ್ಪ ಹೊತ್ತು ಬಿಸಿಲಿಗೆ ಇಡಿ, ಬಿಸಿಲಿಲ್ಲದಿದ್ದರೆ ಒಲೆಯಿಂದ ಮೊಳ ದೂರ ಹಿಡಿದು ತಿರುಗಿಸಿ. ಹತ್ತಿರ ಹಿಡಿಯಬೇಡಿ, ಬಿರುಕು ಬಿಡುತ್ತದೆ.