ಸ್ವಂತ ಹ್ಯಾಂಡ್‌ಹೆಲ್ಡ್ ಕಂಪ್ಯೂಟರ್‌ಗೆ ಯಾವ ಪೋರ್ಟ್ ಇಡ್ಬೇಕು, ಯಾವ್ದು ಬಿಡ್ಬೇಕು?

ನಿಮ್ಮ ಪ್ರಶ್ನೆ ಪೂರ್ತಿ ಓದ್ದೆ. ರಾಸ್ಪ್‌ಬೆರ್ರಿ ಪೈ ಕಂಪ್ಯೂಟ್ ಮಾಡ್ಯೂಲ್ 4 (ಸಿಎಂ4, ಪುಟ್ಟ ಬೋರ್ಡ್ ಮೇಲಿನ ಕಂಪ್ಯೂಟರ್) ಇಟ್ಕೊಂಡು ಕೈಯಲ್ಲಿ ಹಿಡಿಯೋ ಕಂಪ್ಯೂಟರ್ ಮಾಡ್ತಿದೀರಿ, ಇಎಂಎಂಸಿ (ಬೋರ್ಡಲ್ಲೇ ಕೂತಿರೋ ಸ್ಟೋರೇಜ್) ಇರೋ ಮಾಡೆಲ್ಲು, 5 ಇಂಚಿನ ಸ್ಕ್ರೀನು, ಕೆಳಗೆ ಪುಟ್ಟ ಕೀಬೋರ್ಡು, 5000 ಎಂಎಎಚ್ ಬ್ಯಾಟರಿ. ಪೋರ್ಟ್ ಲಿಸ್ಟಲ್ಲಿ ಟೈಪ್-ಸಿ, ಎರಡು ಯುಎಸ್‌ಬಿ-ಎ, ಎಚ್‌ಡಿಎಂಐ, ಈಥರ್ನೆಟ್, ಆಡಿಯೋ ಜ್ಯಾಕ್, ಮೈಕ್ರೋ ಎಸ್‌ಡಿ, ಜೊತೆಗೆ ಚಾರ್ಜಿಂಗ್‌ಗೆ ಬೇರೆ ಡಿಸಿ ಜ್ಯಾಕ್. "ಬೋರ್ಡಲ್ಲಿ ಜಾಗ ಇದೆ, ಎಲ್ಲಾ ಇಟ್ರೆ ಏನ್ ತೊಂದ್ರೆ" ಅಂತ ಕೇಳಿದೀರಿ. ನಾನು ಬೋರ್ಡ್ ಡಿಸೈನ್ ಕೆಲಸದಲ್ಲೇ ಇರೋನು, ಈ ವಿಷಯದ ಬಗ್ಗೆ ನಂಗೆ ಖಚಿತವಾದ ಅಭಿಪ್ರಾಯ ಇದೆ, ಹಾಗಾಗಿ ಉತ್ತರ ಸ್ವಲ್ಪ ಉದ್ದ ಆಗತ್ತೆ.

ಹ್ಯಾಂಡ್‌ಹೆಲ್ಡಲ್ಲಿ ಎಲ್ಲಕ್ಕಿಂತ ಮೊದಲು ಕೈ ಕೊಡೋದು ಕನೆಕ್ಟರ್ರೇ. ಯಾವ ಊರಿನ ಮೊಬೈಲ್ ರಿಪೇರಿ ಅಂಗಡಿಗೆ ಬೇಕಾದ್ರೂ ಹೋಗಿ ಸ್ವಲ್ಪ ಹೊತ್ತು ನಿಂತ್ಕೊಳ್ಳಿ, "ಚಾರ್ಜಿಂಗ್ ಪಿನ್ ಹೋಗಿದೆ" ಅಂತ ಫೋನ್ ಹಿಡ್ಕೊಂಡು ಬರೋರು ಕಾಣ್ತಾನೇ ಇರ್ತಾರೆ. ಮೇಜಿನ ಮೇಲಿರೋ ಕಂಪ್ಯೂಟರ್‌ಗೆ ಕೇಬಲ್ ಹಾಕಿದ್ರೆ ಅದು ಅಲ್ಲಾಡದೆ ಇರತ್ತೆ, ಕೈಯಲ್ಲಿರೋದು ಹಾಗಲ್ಲ, ಚಾರ್ಜ್‌ಗೆ ಹಾಕ್ಕೊಂಡೇ ಮಲಗಿ ನೋಡ್ತಾರೆ, ಕೇಬಲ್ ಎದೆಗೆ ಒತ್ತತ್ತೆ, ಜೇಬಿನ ಪವರ್ ಬ್ಯಾಂಕಿಂದ ಎಳೀತಾ ಇರತ್ತೆ, ಆ ಬಲ ಎಲ್ಲಾ ಹೋಗಿ ಬೀಳೋದು ಬೋರ್ಡ್ ಮೇಲಿನ ನಾಲ್ಕು ಚುಕ್ಕೆ ಬೆಸುಗೆ ಮೇಲೆ. ಅದಕ್ಕೇ ನಾನು ಹೇಳೋದು, ಪೋರ್ಟ್ ಕಮ್ಮಿ ಇಡಿ, ಇಟ್ಟಿದ್ದನ್ನ ಗಟ್ಟಿಯಾಗಿ ಇಡಿ. ಬೋರ್ಡಲ್ಲಿ ಜಾಗ ಇದೆಯಾ ಅಂತ ನೋಡೋಕೆ ಮುಂಚೆ, ಆ ಕೇಬಲ್ ಎಳೆದಾಗ ಬಲ ತಡ್ಕೊಳ್ಳೋದು ಯಾವ್ದು ಅಂತ ನೋಡ್ಬೇಕು.

ಇನ್ನೊಂದು, ಯಾರಿಗೆ ಅನ್ನೋದು ಮೊದಲು ತೀರ್ಮಾನ ಆಗ್ಲಿ. ನಮ್ಮ ಬೆಂಗಳೂರಲ್ಲೇ ಐಐಎಸ್‌ಸಿ ಪ್ರೊಫೆಸರ್‌ಗಳೂ ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರೂ ಸೇರಿ ಸಿಂಪ್ಯೂಟರ್ ಅಂತ ಕೈಯಲ್ಲಿ ಹಿಡಿಯೋ ಕಂಪ್ಯೂಟರ್ ಮಾಡಿದ್ರಲ್ಲ, 2001ರಲ್ಲಿ ಪ್ರೋಟೋಟೈಪ್ ಬಂತು, ಅದರಲ್ಲಿ ಸ್ಮಾರ್ಟ್ ಕಾರ್ಡ್ ಹಾಕೋ ಜಾಗ ಇತ್ತು. ಯಾಕೆ ಅಂದ್ರೆ ಒಂದು ಹಳ್ಳಿಗೆ ಒಂದು ಡಿವೈಸ್ ಇರ್ಲಿ, ಪ್ರತಿಯೊಬ್ರೂ ತಮ್ಮ ತಮ್ಮ ಕಾರ್ಡ್ ತಂದು ಹಾಕ್ಲಿ ಅನ್ನೋದು ಅವರ ಯೋಚನೆ. ಆಗಿನ ಕಾಲಕ್ಕೆ ತಕ್ಕ ಹಾಗೆ ಫೋನ್ ಲೈನಿಗೆ ಮೋಡೆಮ್ಮೂ ಇತ್ತು. ಬಳಸೋರು ಯಾರು ಅಂತ ನೋಡಿ ಕನೆಕ್ಟರ್ ಹುಟ್ಟಿದ್ದು ಅಲ್ಲಿ. 2010ರಲ್ಲಿ ಬಂದ ಪಂಡೋರಾ ಹ್ಯಾಂಡ್‌ಹೆಲ್ಡ್ ನೋಡಿ, ಅಷ್ಟು ಸಣ್ಣ ಡಬ್ಬಿಯಲ್ಲಿ ದೊಡ್ಡ ಎಸ್‌ಡಿ ಕಾರ್ಡ್ ಸ್ಲಾಟ್ ಎರಡು, ಫುಲ್ ಸೈಜ್ ಯುಎಸ್‌ಬಿ ಒಂದು ಇಟ್ಟಿದ್ರು, ಅದನ್ನ ತಗೊಳ್ಳೋರು ಲಿನಕ್ಸ್ ಹಾಕ್ಕೊಂಡು ಆಟ ಆಡೋರು, ಪ್ರೋಗ್ರಾಂ ಬರೆಯೋರು, ಅವರಿಗೆ ಅದೇ ಬೇಕಿತ್ತು. ನೀವು ಕಾಲೇಜ್ ಲ್ಯಾಬ್, ಪ್ರೊಜೆಕ್ಟರ್, ಪೆನ್‌ಡ್ರೈವ್ ಅಂತ ಬರೆದಿದೀರಿ, ಹಾಗಾಗಿ ನಾನು ಆ ಲೆಕ್ಕದಲ್ಲೇ ಹೇಳ್ತೀನಿ.

ಡಿಸಿ ಜ್ಯಾಕ್ ತೆಗೆದುಬಿಡಿ, ಇದರಲ್ಲಿ ಎರಡು ಮಾತಿಲ್ಲ. ಮನೆಮನೆಯಲ್ಲಿ ವೈಫೈ ರೂಟರ್‌ನ 12 ವೋಲ್ಟ್ ಅಡಾಪ್ಟರ್ ಬಿದ್ದಿರತ್ತೆ, ಅದೇ ದುಂಡು ಪಿನ್ನು, ಸರಿಯಾಗಿ ಕೂರತ್ತೆ, ನಿಮ್ಮ ಬೋರ್ಡ್ 5 ವೋಲ್ಟಿಂದು. ಯಾರೋ ಒಬ್ರು ಹಾಕೇ ಹಾಕ್ತಾರೆ.

ಈಗ ಟೈಪ್-ಸಿ. ಯುರೋಪಲ್ಲಿ 2024ರ ಡಿಸೆಂಬರ್ 28ರಿಂದ ಫೋನು, ಟ್ಯಾಬ್ಲೆಟ್ಟು, ಹ್ಯಾಂಡ್‌ಹೆಲ್ಡ್ ಗೇಮ್ ಕನ್ಸೋಲ್ ಎಲ್ಲದಕ್ಕೂ ಇದೇ ಚಾರ್ಜಿಂಗ್ ಪೋರ್ಟ್ ಕಡ್ಡಾಯ ಆಗಿದೆ, ನಮ್ಮಲ್ಲೂ ಎಲ್ಲರ ಬ್ಯಾಗಲ್ಲೂ ಇದೇ ಕೇಬಲ್ಲು, ಆದ್ರಿಂದ ಬೇಕಾ ಬೇಡ್ವಾ ಅನ್ನೋ ಚರ್ಚೆ ಬೇಡ. ಚರ್ಚೆ ಬೇಕಾಗಿರೋದು ಹೇಗೆ ಅನ್ನೋದಕ್ಕೆ. 24 ಪಿನ್ ಇರೋದು ತಗೋಬೇಡಿ, ನಿಮಗೆ ಯುಎಸ್‌ಬಿ 2.0 ಸಾಕು, 16 ಪಿನ್ನಿಂದು ಸಿಗತ್ತೆ, ಬೆಸುಗೆ ಹಾಕೋದೂ ಸುಲಭ, ಚೆಕ್ ಮಾಡೋದೂ ಸುಲಭ. ಸಿಸಿ1, ಸಿಸಿ2 ಅಂತ ಎರಡು ಪಿನ್ ಇರತ್ತೆ, ಈ ಕಡೆ ಏನಿದೆ ಅಂತ ಚಾರ್ಜರ್ ತಿಳ್ಕೊಳ್ಳೋದು ಇವುಗಳಿಂದ, ಎರಡಕ್ಕೂ ಬೇರೆ ಬೇರೆ 5.1 ಕಿಲೋ ಓಮ್ ರೆಸಿಸ್ಟರ್ ಗ್ರೌಂಡಿಗೆ ಹಾಕ್ಬೇಕು. ಒಂದೇ ರೆಸಿಸ್ಟರ್ ಹಾಕಿ ಎರಡನ್ನೂ ಸೇರಿಸಿದ್ರೆ ಆಗಲ್ವಾ ಅಂತ ಅನ್ಸತ್ತೆ, ಆಗಲ್ಲ. 2019ರಲ್ಲಿ ಪೈ 4 ಬಂದಾಗ ಮೊದಲ ಬೋರ್ಡುಗಳಲ್ಲಿ ಹೀಗೇ ಇತ್ತು. ಲ್ಯಾಪ್‌ಟಾಪ್ ಚಾರ್ಜರ್ ಜೊತೆ ಬರೋ ಇ-ಮಾರ್ಕ್ ಚಿಪ್ (ಕೇಬಲ್ ಎಷ್ಟು ಕರೆಂಟ್ ತಡೆಯತ್ತೆ ಅಂತ ಹೇಳೋ ಚಿಪ್) ಇರೋ ಕೇಬಲ್ ಹಾಕಿದ್ರೆ ಕೇಬಲ್ ಒಳಗಿನ ರೆಸಿಸ್ಟರ್ರೂ ಇದೂ ಸೇರ್ಕೊಂಡು, ಚಾರ್ಜರ್‌ಗೆ ಆ ಕಡೆ ಯಾವ್ದೋ ಆಡಿಯೋ ಅಡಾಪ್ಟರ್ ಇದೆ ಅಂತ ಕಾಣ್ತಿತ್ತು, ಕರೆಂಟೇ ಕೊಡ್ತಿರ್ಲಿಲ್ಲ. ಆಮೇಲಿನ ರಿವಿಷನ್‌ನಲ್ಲಿ ಸರಿ ಮಾಡಿದ್ರು.

ಇದರಲ್ಲಿ ಗಮನಿಸ್ಬೇಕಾದ್ದು ಏನಂದ್ರೆ, ಒಂದು ಕಡೆ ಹಳೇ ಅಗಲ ಪಿನ್ನು ಇನ್ನೊಂದು ಕಡೆ ಸಿ ಇರೋ ಕೇಬಲ್ಲಲ್ಲಿ ಟೆಸ್ಟ್ ಮಾಡಿದ್ರೆ ಸಿಸಿ ರೆಸಿಸ್ಟರ್ ಹಾಕದೇ ಇದ್ರೂ ಬೋರ್ಡ್ ಆನ್ ಆಗತ್ತೆ, ಯಾಕಂದ್ರೆ ಆ ಕಡೆಯಿಂದ 5 ವೋಲ್ಟ್ ಯಾವಾಗ್ಲೂ ಬರ್ತಾನೇ ಇರತ್ತೆ. ಎರಡೂ ಕಡೆ ಸಿ ಇರೋ ಕೇಬಲ್ಲಲ್ಲಿ ಮಾತ್ರ ಚಾರ್ಜರ್ ಮೊದಲು ರೆಸಿಸ್ಟರ್ ನೋಡಿ ಆಮೇಲೆ ಕರೆಂಟ್ ಬಿಡತ್ತೆ. ಹಾಗಾಗಿ ನಿಮ್ಮ ಮೇಜಿನ ಮೇಲೆ ಮೂರು ಥರ ಕೇಬಲ್ಲೂ ಇರ್ಲಿ, ಎ ಟು ಸಿ, ಸಿ ಟು ಸಿ, ಮತ್ತೆ ಇ-ಮಾರ್ಕ್ ಇರೋ ದಪ್ಪ ಸಿ ಟು ಸಿ, ಪ್ಲಗ್ ತಿರುಗಿಸಿ ತಿರುಗಿಸಿ ಹಾಕಿ ನೋಡಿ.

ಪಿಡಿ ಚಿಪ್ (ಚಾರ್ಜರ್ ಹತ್ರ ಹೆಚ್ಚು ವೋಲ್ಟೇಜ್ ಕೇಳೋ ಚಿಪ್) ಬೇಕಾ ಅಂತಾನೂ ಕೇಳಿದ್ರಿ. ಬೇಡ. 5 ವೋಲ್ಟ್ 3 ಆಂಪ್ ಅಂದ್ರೆ 15 ವ್ಯಾಟ್, ನಿಮ್ಮ ಬ್ಯಾಟರಿಗೆ ಧಾರಾಳವಾಗಿ ಸಾಕು. ಆದ್ರೆ ಎದುರುಗಡೆ ಎಷ್ಟು ಕೊಡೋಕೆ ರೆಡಿ ಇದೆ ಅಂತ ಸಿಸಿ ಪಿನ್ನಿನ ವೋಲ್ಟೇಜ್ ನೋಡಿ ತಿಳ್ಕೊಂಡು ಅದಕ್ಕೆ ತಕ್ಕ ಹಾಗೆ ಎಳ್ಕೊಳ್ಳೋ ಚಾರ್ಜಿಂಗ್ ಸರ್ಕ್ಯೂಟ್ ಇರ್ಲಿ, ಇಲ್ಲಾಂದ್ರೆ ಹಳೇ ಲ್ಯಾಪ್‌ಟಾಪ್‌ನ 500 ಮಿಲಿಆಂಪ್ ಪೋರ್ಟಿಗೆ ಹಾಕ್ದಾಗ ಅದರಿಂದ 3 ಆಂಪ್ ಎಳೆಯೋಕೆ ಹೋಗತ್ತೆ. ಮತ್ತೆ ಈ ಟೈಪ್-ಸಿ ಯಿಂದಾನೇ ಪೆನ್‌ಡ್ರೈವ್‌ಗೂ ಕರೆಂಟ್ ಕೊಡೋ ಆಸೆ ಬಿಟ್ಟುಬಿಡಿ, ಎರಡೂ ದಿಕ್ಕಿಗೆ ಕೆಲಸ ಮಾಡ್ಬೇಕಂದ್ರೆ ಬೇರೆ ಕಂಟ್ರೋಲರ್ ಚಿಪ್ ಬೇಕು, ಅದಕ್ಕೆ ಫರ್ಮ್‌ವೇರ್ ಬೇಕು, ಮೊದಲ ಬೋರ್ಡಿಗೆ ಅದು ಅತಿಯಾಗತ್ತೆ.

ಯುಎಸ್‌ಬಿ-ಎ ಒಂದು ಇಡಿ, ಎರಡು ಬೇಡ. ಲೆಕ್ಕ ಹಾಕಿ. 5000 ಎಂಎಎಚ್ ಅಂದ್ರೆ 3.7 ವೋಲ್ಟಲ್ಲಿ 18.5 ವ್ಯಾಟ್-ಅವರ್. ಸ್ಕ್ರೀನ್ ಸೇರಿ ಸರಾಸರಿ 4 ವ್ಯಾಟ್ ಅಂದ್ಕೊಂಡ್ರೆ ನಾಲ್ಕೂವರೆ ಗಂಟೆ. ಒಂದು ಪೋರ್ಟಿಂದ 500 ಮಿಲಿಆಂಪ್ ಹೋದ್ರೆ 2.5 ವ್ಯಾಟ್, ಬ್ಯಾಟರಿ ವೋಲ್ಟೇಜನ್ನ 5ಕ್ಕೆ ಏರಿಸೋ ಬೂಸ್ಟ್ ಕನ್ವರ್ಟರ್ ತಿನ್ನೋದೂ ಸೇರಿದ್ರೆ 3ರ ಹತ್ರ, ಆಗ ನಾಲ್ಕೂವರೆ ಗಂಟೆ ಇದ್ದಿದ್ದು ಎರಡೂವರೆ ಚಿಲ್ಲರೆಗೆ ಇಳಿಯತ್ತೆ. ಎರಡು ಪೋರ್ಟಾದ್ರೆ ನೀವೇ ಯೋಚನೆ ಮಾಡಿ. ಆ ಒಂದಕ್ಕೂ ಕರೆಂಟ್ ಲಿಮಿಟ್ ಸ್ವಿಚ್ ಹಾಕಿ, ಕೆಟ್ಟ ಪೆನ್‌ಡ್ರೈವ್ ಶಾರ್ಟ್ ಆದ್ರೆ ಇಡೀ ಕಂಪ್ಯೂಟರ್ ಆಫ್ ಆಗ್ಬಾರ್ದು.

ಇಲ್ಲೊಂದು ವಿಷಯ ನಿಮ್ಮ ಬ್ಲಾಕ್ ಡಯಾಗ್ರಾಮಲ್ಲಿ ಕಾಣ್ಲಿಲ್ಲ, ಇದು ಬಹಳ ಮುಖ್ಯ. ಸಿಎಂ4ಗೆ ಯುಎಸ್‌ಬಿ ಇರೋದು ಒಂದೇ ಒಂದು, ಅದೂ 2.0. ಇಎಂಎಂಸಿಗೆ ಓಎಸ್ ತುಂಬ್ಬೇಕಾದ್ರೆ ಅದೇ ಯುಎಸ್‌ಬಿನ ಲ್ಯಾಪ್‌ಟಾಪ್‌ಗೆ ಡಿವೈಸ್ ಥರ ಜೋಡಿಸ್ಬೇಕು. ತುಂಬಿದ ಮೇಲೆ ಅದೇ ಯುಎಸ್‌ಬಿ ಹೋಸ್ಟ್ ಆಗಿ (ಬೇರೆ ಡಿವೈಸುಗಳನ್ನ ನಡೆಸೋ ಕಡೆಯಾಗಿ) ಹಬ್ ಕಡೆ, ಅಂದ್ರೆ ಒಂದು ಪೋರ್ಟನ್ನ ಹಲವು ಮಾಡೋ ಚಿಪ್ ಕಡೆ, ಹೋಗ್ಬೇಕು. ಆದ್ರಿಂದ ಮಧ್ಯ ಒಂದು ಸಣ್ಣ ಯುಎಸ್‌ಬಿ ಮಕ್ಸ್ ಚಿಪ್ (ದಾರಿ ಬದಲಿಸೋ ಸ್ವಿಚ್) ಇಡಿ, ಬೂಟ್ ಬಟನ್ ಒತ್ತಿದ್ರೆ ಟೈಪ್-ಸಿ ಕಡೆ, ಇಲ್ಲಾಂದ್ರೆ ಹಬ್ ಕಡೆ. ಪೈ ಅವರದೇ ಸಿಎಂ4 ಐಒ ಬೋರ್ಡಿನ ಡಿಸೈನ್ ಫೈಲು ಕಿಕ್ಯಾಡ್ ಅನ್ನೋ ಬೋರ್ಡ್ ಡಿಸೈನ್ ಸಾಫ್ಟ್‌ವೇರಲ್ಲೇ ಸಿಗತ್ತೆ, ಆ ಭಾಗ ನೋಡಿ ಕಲೀಬಹುದು. ಸಾಫ್ಟ್‌ವೇರಲ್ಲೂ ಈ ಯುಎಸ್‌ಬಿ ಆಫ್ ಇರಬಹುದು, ಕಾನ್ಫಿಗ್ ಫೈಲಲ್ಲಿ ಆನ್ ಆಗಿದೆಯಾ ನೋಡ್ಕೊಳ್ಳಿ, ಗೊತ್ತಿಲ್ಲದೆ ಬೋರ್ಡೇ ಕೆಟ್ಟಿದೆ ಅಂತ ಬೆಸುಗೆ ಬಿಚ್ಚೋಕೆ ಹೋಗ್ಬೇಡಿ.

ಮೈಕ್ರೋ ಎಸ್‌ಡಿ ಕಥೇನೂ ಹೀಗೇ. ಇಎಂಎಂಸಿ ಇರೋ ಸಿಎಂ4ನಲ್ಲಿ ಎಸ್‌ಡಿ ಪಿನ್ನುಗಳು ನಿಮಗೆ ಸಿಗಲ್ಲ, ಅವು ಇಎಂಎಂಸಿಗೇ ಹೋಗಿರತ್ತೆ, ಇಎಂಎಂಸಿ ಇಲ್ಲದ ಲೈಟ್ ಮಾಡೆಲಲ್ಲಿ ಮಾತ್ರ ಹೊರಗೆ ಬರೋದು. ನೀವು ಸ್ಲಾಟನ್ನ ನೇರ ಮಾಡ್ಯೂಲಿಗೆ ಎಳೆದಿದೀರಿ, ಅದು ಕೆಲಸ ಮಾಡಲ್ಲ. ಹಬ್‌ಗೆ ಒಂದು ಕಾರ್ಡ್ ರೀಡರ್ ಚಿಪ್ ಹಾಕಿ ಅಲ್ಲಿಂದ ಕೊಡಿ. ನಾಲ್ಕು ಪೋರ್ಟಿನ ಹಬ್ ತಗೊಂಡ್ರೆ ಕೀಬೋರ್ಡಿಗೆ ಒಂದು, ಕಾರ್ಡ್ ರೀಡರ್‌ಗೆ ಒಂದು, ಹೊರಗಿನ ಯುಎಸ್‌ಬಿ-ಎಗೆ ಒಂದು, ಇನ್ನೊಂದು ಮುಂದಕ್ಕೆ ಬೇಕಾದ್ರೆ ಇರ್ಲಿ. ಸ್ಲಾಟು ಒತ್ತಿದ್ರೆ ಹೊರಗೆ ಬರೋ ಥರದ್ದಾದ್ರೆ ಕೇಸ್ ಅಂಚಿಂದ ಸ್ವಲ್ಪ ಒಳಗೇ ಕೂರಿಸಿ, ಜೇಬಲ್ಲಿ ಒತ್ತಿ ಕಾರ್ಡ್ ಹಾರಿ ಕಳೆದುಹೋಗೋದು ಬೇಡ.

ಎಚ್‌ಡಿಎಂಐ ಫುಲ್ ಸೈಜೇ ಇಡಿ. ಮೈಕ್ರೋ ನೋಡೋಕೆ ಚೆಂದ, ಆದ್ರೆ ಅಷ್ಟು ಸಣ್ಣ ಬಾಯಿಗೆ ಅಷ್ಟು ದಪ್ಪದ ಕೇಬಲ್ ನೇತಾಡತ್ತೆ, ಬೇಗ ಸಡಿಲ ಆಗತ್ತೆ, ಮೇಲಾಗಿ ಕ್ಲಾಸ್‌ರೂಮ್ ಪ್ರೊಜೆಕ್ಟರ್ ಹತ್ರ ಆ ಕೇಬಲ್ ಯಾರೂ ಇಟ್ಟಿರಲ್ಲ. ಟೈಪ್-ಸಿ ಇಂದಾನೇ ವಿಡಿಯೋ ಕೊಡೋಣ ಅಂದ್ರೆ ಈ ಮಾಡ್ಯೂಲಿಂದ ಬರೋದು ಎಚ್‌ಡಿಎಂಐ, ಟೈಪ್-ಸಿ ವಿಡಿಯೋಗೆ ಬೇಕಾದ ಡಿಸ್‌ಪ್ಲೇಪೋರ್ಟ್ ಅಲ್ಲ, ಸುಮ್ನೆ ಕನ್ವರ್ಟರ್ ಚಿಪ್ಪಿನ ಗೋಜು. ಎಚ್‌ಡಿಎಂಐನ 5 ವೋಲ್ಟ್ ಪಿನ್ನಿಗೆ ಕರೆಂಟ್ ಹಿಂದಕ್ಕೆ ಬರದಂತೆ ತಡೆಯೋ ಸ್ವಿಚ್ ಇರ್ಲಿ, ಡಿವೈಸ್ ಆಫ್ ಇದ್ದಾಗ ಮಾನಿಟರ್ ಕಡೆಯಿಂದ ಕರೆಂಟ್ ನುಗ್ಗಿ ಬೋರ್ಡ್ ಅರೆಬರೆ ಜೀವ ಹಿಡ್ಕೊಂಡಿರೋದು ಆವಾಗ ತಪ್ಪತ್ತೆ.

ಈಥರ್ನೆಟ್ ಬಿಡಿ. ಆರ್‌ಜೆ45 ಜ್ಯಾಕ್ ಎತ್ತರ ಒಂದೇ 13 ಎಂಎಂ ಆಗತ್ತೆ, ಇಡೀ ಡಿವೈಸಿನ ದಪ್ಪ ತೀರ್ಮಾನ ಮಾಡೋದು ಅದೊಂದೇ ಪೋರ್ಟ್ ಆಗಿಬಿಡತ್ತೆ. ನೆಟ್‌ವರ್ಕ್ ಕೆಲಸ ಮಾಡೋ ಟೆಕ್ನಿಷಿಯನ್ನಿಗೆ ಮಾಡ್ತಿದ್ರೆ ಮೊದಲು ಅದನ್ನೇ ಇಡಿ ಅಂತಿದ್ದೆ. ಆಡಿಯೋ ಜ್ಯಾಕ್ ಇರ್ಲಿ, ಮೈಕ್ ಬೇಕಾದ್ರೆ ಸಿಟಿಐಎ ವೈರಿಂಗ್ (ಹೆಡ್‌ಸೆಟ್ ಪಿನ್ನುಗಳ ಒಂದು ಕ್ರಮ) ಮಾಡಿ, ಈಗಿನ ಫೋನ್ ಹೆಡ್‌ಸೆಟ್ಟೆಲ್ಲ ಅದೇ.

ಗಟ್ಟಿ ಮಾಡೋದು ಹೇಗೆ ಅಂತ ಹೇಳ್ದೇ ಇದ್ರೆ ಈ ಉತ್ತರ ಅರ್ಧ. ಟೈಪ್-ಸಿ ಕನೆಕ್ಟರ್ ತಗೊಳ್ಳೋವಾಗ ಹೊರಗಿನ ಶೀಲ್ಡಿನ ನಾಲ್ಕು ಕಾಲೂ ಬೋರ್ಡಿನ ತೂತಿನೊಳಗೆ ಇಳಿಯೋ ಥರದ್ದು ತಗೊಳ್ಳಿ, ಬರೀ ಮೇಲ್ಮೈಗೆ ಅಂಟೋದು ಬೇಡ. ಸ್ಪೆಸಿಫಿಕೇಷನ್ ಪ್ರಕಾರ ಇದು 10,000 ಸಲ ಹಾಕಿ ತೆಗೆಯೋಕೆ ತಡೆಯತ್ತೆ, ಆದ್ರೆ ಆ ಸಂಖ್ಯೆ ನೇರವಾಗಿ ಹಾಕಿ ನೇರವಾಗಿ ತೆಗೆದಾಗಿನದು, ಓರೆಯಾಗಿ ಜಗ್ಗಿದ್ರೆ ಮೊದಲು ಕೀಳೋದು ಬೋರ್ಡಿನ ತಾಮ್ರದ ಪ್ಯಾಡು. ಪ್ಯಾಡ್ ಒಂದ್ಸಲ ಎದ್ದು ಬಂದ್ರೆ ಹೊಸ ಕನೆಕ್ಟರ್ ತಂದ್ರೂ ಕೂರಿಸೋಕೆ ಜಾಗ ಇರಲ್ಲ, ಕೂದಲಿನಷ್ಟು ಸಣ್ಣ ವೈರ್ ಎಳೆದು ಜೋಡಿಸ್ಬೇಕಾಗತ್ತೆ. ಅದಕ್ಕೆ ಪ್ಲಾಸ್ಟಿಕ್ ಕೇಸಿನ ಒಳಗಡೆ ಕನೆಕ್ಟರ್ ಶೆಲ್ಲನ್ನ ಮೇಲಿಂದ ಕೆಳಗಿಂದ ಹಿಡಿಯೋ ಹಾಗೆ ಒಂದೊಂದು ದಿಂಡು ಕೊಡಿ, ಎಳೆತ ಕೇಸಿಗೆ ಹೋಗ್ಲಿ.

ಇನ್ನೂ ಒಳ್ಳೇದು ಅಂದ್ರೆ ಫೋನ್ ಕಂಪನಿಗಳು ಮಾಡೋ ಹಾಗೆ ಟೈಪ್-ಸಿನ ಬೇರೆ ಪುಟ್ಟ ಬೋರ್ಡಲ್ಲಿಟ್ಟು ಫ್ಲೆಕ್ಸ್ ಕೇಬಲ್ಲಲ್ಲಿ ಮೇನ್ ಬೋರ್ಡಿಗೆ ಜೋಡಿಸೋದು. ರಿಪೇರಿಯವರು ಚಾರ್ಜಿಂಗ್ ಬೋರ್ಡ್ ಅಂತಾರಲ್ಲ, ಅದೇ. ಹೋದ್ರೆ ಅದೊಂದನ್ನ ಬದಲಾಯಿಸಿದ್ರೆ ಆಯ್ತು, ಸಿಎಂ4 ಇರೋ ದುಬಾರಿ ಬೋರ್ಡ್ ಮುಟ್ಟೋದೇ ಬೇಡ. ವಿದ್ಯಾರ್ಥಿಗಳು ಬಳಸೋ ವಸ್ತುವಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ ಅಂತ ನಾನು ನಂಬಿದೀನಿ. ಇಎಸ್‌ಡಿ ಡಯೋಡುಗಳನ್ನ (ಸ್ಟ್ಯಾಟಿಕ್ ಕರೆಂಟಿಂದ ಚಿಪ್ ಕಾಪಾಡೋದು) ಕನೆಕ್ಟರಿನ ಪಕ್ಕದಲ್ಲೇ ಇಡಿ, ಚಿಪ್ಪಿನ ಪಕ್ಕ ಇಟ್ರೆ ಪ್ರಯೋಜನ ಇಲ್ಲ.

ಜಾಗದ ವಿಷಯ. ಎರಡು ಕೈಯಲ್ಲಿ ಹಿಡಿಯೋ ಡಿವೈಸಲ್ಲಿ ಎಡ ಬಲ ಅಂಚಿಗೆ ಏನೂ ಬೇಡ, ಅಂಗೈ ಬರೋ ಜಾಗ ಅದು. ಸ್ಟೀಮ್ ಡೆಕ್ ಅನ್ನೋ ಗೇಮ್ ಕನ್ಸೋಲಲ್ಲಿ ಚಾರ್ಜಿಂಗ್ ಪೋರ್ಟ್ ಮೇಲಂಚಲ್ಲಿದೆ ನೋಡಿ, ಚಾರ್ಜ್‌ಗೆ ಹಾಕ್ಕೊಂಡೇ ಬಳಸೋಕೆ ಅದು ಸರಿ. ಕೇಸಿನ ತೂತು ಬರೆಯೋವಾಗ ಕನೆಕ್ಟರ್ ಬಾಯಿ ಅಳತೆ ಮಾತ್ರ ನೋಡ್ಬೇಡಿ, ಪ್ಲಗ್ಗಿನ ಪ್ಲಾಸ್ಟಿಕ್ ತಲೆ ಟೈಪ್-ಸಿಗೆ 12.35 ಬೈ 6.5 ಎಂಎಂ ತನಕ ಇರಬಹುದು. ಕನೆಕ್ಟರ್ ಒಳಗೆ ಕೂತಿದ್ರೆ ಆ ತಲೆ ಕೇಸಿಗೆ ತಾಗಿ ಪ್ಲಗ್ ಪೂರ್ತಿ ಒಳಗೆ ಹೋಗಲ್ಲ.

ಲೇಔಟ್ ಕಳಿಸೋಕೆ ಮುಂಚೆ ಕನೆಕ್ಟರುಗಳನ್ನ ಕೈಗೆ ತರಿಸ್ಕೊಳ್ಳಿ. ಬೆಂಗಳೂರಿನ ಎಸ್‌ಪಿ ರೋಡಲ್ಲಿ ಬಿಡಿಯಾಗಿ ಸಿಗೋದಕ್ಕೆ ಎಷ್ಟೋ ಸಲ ಡೇಟಾಶೀಟೇ ಇರಲ್ಲ, ನೋಡೋಕೆ ಒಂದೇ ಥರ ಇದ್ರೂ ಕಾಲಿನ ಅಂತರ ಬೇರೆ ಇರತ್ತೆ. ಫುಟ್‌ಪ್ರಿಂಟನ್ನ (ಬೋರ್ಡಲ್ಲಿ ಕನೆಕ್ಟರ್ ಕೂರೋ ಜಾಗದ ಗುರುತು) ಪೇಪರ್ ಮೇಲೆ ಅದೇ ಅಳತೆಗೆ ಪ್ರಿಂಟ್ ತೆಗೆದು ಕನೆಕ್ಟರನ್ನ ಮೇಲಿಟ್ಟು ನೋಡಿ, ಶೀಲ್ಡ್ ಕಾಲು ತೂತಿನ ಗುರುತಿಗೆ ಸರಿಯಾಗಿ ಬರ್ಬೇಕು. ಒಳಗಡೆ ಬ್ಯಾಟರಿಗೆ ಜೆಎಸ್‌ಟಿ ಪಿಎಚ್ ಕನೆಕ್ಟರ್ ಹಾಕ್ತೀರಿ ಅಂತ ಕಾಣತ್ತೆ, ಅದರಲ್ಲಿ ಪ್ಲಸ್ ಯಾವ ಕಡೆ ಅನ್ನೋದಕ್ಕೆ ನಿಯಮ ಇಲ್ಲ, ಒಬ್ಬೊಬ್ಬ ಮಾರೋರು ಒಂದೊಂದು ಥರ, ಹಾಗಾಗಿ ಪ್ರತಿ ಬ್ಯಾಟರೀನೂ ಮೀಟರ್ ಇಟ್ಟು ನೋಡೇ ಹಾಕಿ, ಬೋರ್ಡಲ್ಲಿ ಉಲ್ಟಾ ಆದ್ರೆ ತಡೆಯೋಕೆ ಒಂದು ಮಾಸ್‌ಫೆಟ್ಟೂ ಇರ್ಲಿ.

ಡೀಬಗ್‌ಗೆ ಸೀರಿಯಲ್ ಪೋರ್ಟನ್ನ ಹೊರಗೆ ಕೊಡ್ಬೇಡಿ, ಟಿಎಕ್ಸ್, ಆರ್‌ಎಕ್ಸ್, ಗ್ರೌಂಡ್ ಮೂರು ಪ್ಯಾಡ್ ಬ್ಯಾಟರಿ ಕವರ್ ಕೆಳಗಿಟ್ರೆ ಸಾಕು. ಸ್ಕೀಮ್ಯಾಟಿಕ್ (ಸರ್ಕ್ಯೂಟ್ ನಕ್ಷೆ) ತಿದ್ದಿದ ಮೇಲೆ ಟೈಪ್-ಸಿ ಮತ್ತೆ ಮಕ್ಸ್ ಇರೋ ಪೇಜ್ ಇಲ್ಲೇ ಹಾಕಿ, ಬೋರ್ಡ್ ಫ್ಯಾಬ್‌ಗೆ (ತಯಾರಿಕೆಗೆ) ಹೋಗೋ ಮುಂಚೆ ನೋಡಿ ಹೇಳ್ತೀನಿ.