ಐದು ಜನರ ತಂಡ, ಒಬ್ಬಳದೇ ಕೋಡ್

ಆಕೆ ಎಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿನಿ. ಇದನ್ನು ಬರೆಯಲು ಒಪ್ಪಿಗೆ ಕೊಟ್ಟಿದ್ದಾಳೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ನನ್ನ ಹತ್ತಿರ ಸಲಹೆಗೆ ಬಂದಿದ್ದು ರಾತ್ರಿ ನಿದ್ದೆ ಬರುತ್ತಿಲ್ಲ ಎಂದು. ಮಾತಾಡುತ್ತಾ ಹೋದಂತೆ ಪ್ರಾಜೆಕ್ಟ್ ವಿಷಯ ಹೊರಬಂತು.

"ಐದು ಜನ ಇದ್ದೀವಿ ಮೇಡಂ. ನಾಲ್ವರೂ ಏನೂ ಮಾಡಲ್ಲ. ಎಲ್ಲಾ ಕೋಡ್ ನನ್ನದೇ. ಗೈಡ್ ಹತ್ತಿರ ಹೇಳಿದರೆ ಚಾಡಿ ಹೇಳಿದ ಹಾಗಾಗುತ್ತೆ. ಹೇಳದಿದ್ದರೆ ಎಲ್ಲರಿಗೂ ಒಂದೇ ಮಾರ್ಕ್ಸ್."

ಈ ದೂರು ನಾನು ಆಗಾಗ ಕೇಳುತ್ತೇನೆ. ಫ್ರಾನ್ಸಿನ ಮ್ಯಾಕ್ಸ್ ರಿಂಗಲ್‌ಮನ್ 1913ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹಗ್ಗ ಎಳೆಯುವವರು ಜಾಸ್ತಿಯಾದಂತೆ ಒಬ್ಬೊಬ್ಬರ ಎಳೆತ ಕಡಿಮೆಯಾಗಿತ್ತು. ಸೋಮಾರಿತನ ಒಂದೇ ಇದಕ್ಕೆ ಕಾರಣ ಅಲ್ಲ. ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯದಿದ್ದರೂ ಬಲ ಪೋಲಾಗುತ್ತದೆ. ಹಾಗಾಗಿ ಯಾರು ಸೋಮಾರಿ ಎಂದು ಕೇಳುವ ಮೊದಲು ಕೆಲಸ ಹೇಗೆ ನಡೆಯುತ್ತಿದೆ ಎಂದು ನೋಡಬೇಕು.

ಆಕೆ ಲ್ಯಾಪ್‌ಟಾಪ್ ತೆರೆದು ಸಾಕ್ಷಿ ತೋರಿಸಿದಳು. ಕೋಡ್‌ನ ಪ್ರತಿ ಬದಲಾವಣೆಯನ್ನೂ ದಾಖಲಿಸುವ ಗಿಟ್ ಎಂಬ ಸಾಫ್ಟ್‌ವೇರ್‌ನಲ್ಲಿ 'ಬ್ಲೇಮ್' ಎಂಬ ಕಮಾಂಡ್ ಇದೆ. ಯಾವ ಸಾಲನ್ನು ಕೊನೆಗೆ ಬದಲಿಸಿದವರು ಯಾರು ಎಂದು ಅದು ಹೇಳುತ್ತದೆ. ಹೆಚ್ಚುಕಮ್ಮಿ ಎಲ್ಲಾ ಸಾಲಿನ ಮುಂದೆಯೂ ಆಕೆಯದೇ ಹೆಸರು.

"ಇದು ಕೊನೆಗೆ ಬದಲಿಸಿದವರ ಹೆಸರು ಅಲ್ವಾ? ಮೊದಲು ಬರೆದವರು ಯಾರು?" ಎಂದೆ.

ಹಳೆಯ ಕಮಿಟ್‌ಗಳ, ಅಂದರೆ ಗಿಟ್‌ನಲ್ಲಿ ದಾಖಲಾದ ಬದಲಾವಣೆಗಳ, ಪಟ್ಟಿ ತೆಗೆಸಿದೆ. ಮೊದಲ ವಾರಗಳಲ್ಲಿ ನಾಲ್ವರ ಹೆಸರೂ ಇತ್ತು. ಒಬ್ಬ ಸಂಜೆ ಲಾಗಿನ್ ಪುಟ ಸೇರಿಸಿದ್ದ. ಅದೇ ರಾತ್ರಿ ಈಕೆ ಅದನ್ನು ತಿದ್ದಿದ್ದಳು. ಇನ್ನೊಬ್ಬಳ ಡೇಟಾಬೇಸ್ ಕೋಡ್ ಮರುದಿನಕ್ಕೆ ಪೂರ್ತಿ ಹೊಸದಾಗಿತ್ತು. ಬರುಬರುತ್ತಾ ಬೇರೆ ಹೆಸರುಗಳು ಅಪರೂಪವಾಗಿ, ಕೊನೆಗೆ ನಿಂತೇ ಹೋಗಿದ್ದವು.

"ಬದಲಿಸ್ತೀನಿ ಅಂತ ಅವರಿಗೆ ಹೇಳಿದ್ದೆಯಾ?"

"ಹೇಳ್ತಾ ಕೂತರೆ ದಿನ ಹೋಗುತ್ತೆ ಮೇಡಂ. ನಾನೇ ಮಾಡಿದರೆ ಅರ್ಧ ಗಂಟೆ."

ಆಕೆಯ ಕೋಡ್ ಚೆನ್ನಾಗಿಯೇ ಇದ್ದಿರಬೇಕು. ಮಾರ್ಕ್ಸ್‌ನ ಭಯವೂ ನಿಜ. ಆದರೆ ಬರೆದದ್ದು ಬೆಳಗಾಗುವಷ್ಟರಲ್ಲಿ ಮಾಯವಾದರೆ ಮತ್ತೆ ಬರೆಯುವ ಮನಸ್ಸು ಯಾರಿಗೆ ಬಂದೀತು? ಪರೀಕ್ಷೆಯಲ್ಲಿ ಒಬ್ಬರೇ ಬೇಗ ಬರೆದು ಗೆಲ್ಲಬಹುದು. ಸಾಫ್ಟ್‌ವೇರ್ ಕೆಲಸದಲ್ಲಿ ಹಾಗಲ್ಲ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ, ಒಪ್ಪಿದ ಮೇಲೆ ಮುಖ್ಯ ಕೋಡ್‌ಗೆ ಸೇರಿಸುವುದು ಎಷ್ಟೋ ಕಂಪನಿಗಳ ರೂಢಿ. ಐಬಿಎಂನಲ್ಲಿದ್ದ ಮೈಕೆಲ್ ಫೇಗನ್ 1976ರಲ್ಲಿ ಕೋಡ್ ತಪಾಸಣೆಯ ಕ್ರಮವನ್ನು ಪ್ರಕಟಿಸಿದರು. ಅದರಲ್ಲಿ ನನಗೆ ತುಂಬಾ ಮುಖ್ಯ ಅನಿಸುವುದು ಒಂದೇ ನಿಯಮ: ತಪ್ಪು ಹುಡುಕುವವರು ತೋರಿಸುತ್ತಾರೆ, ಬರೆದವರೇ ತಿದ್ದುತ್ತಾರೆ.

ಆಕೆಗೆ ಮೊದಲು ಹೇಳಿದ್ದೂ ಅದನ್ನೇ. ಇನ್ನೊಬ್ಬರ ಕೋಡ್ ಮುಟ್ಟಬೇಡ. ತಪ್ಪು ಕಂಡರೆ ರಿವ್ಯೂನಲ್ಲಿ, ಅಂದರೆ ಕೋಡ್ ಓದಿ ಕೊಡುವ ಟಿಪ್ಪಣಿಯಲ್ಲಿ, ಬರೆ. ಎಲ್ಲಿ, ಏನು ಕೊಟ್ಟಾಗ, ಏನಾಗುತ್ತಿದೆ ಎನ್ನುವುದು ಇರಲಿ. ಆಕೆ ಬರೆದಿದ್ದ ಹಳೆಯ ಒಂದು ಟಿಪ್ಪಣಿ "ಇದು ಸರಿ ಇಲ್ಲ" ಎಂದಷ್ಟೇ ಇತ್ತು. ಅದನ್ನು ಇಬ್ಬರೂ ಕೂತು ಬದಲಿಸಿದೆವು: "ಪಾಸ್‌ವರ್ಡ್ ಖಾಲಿ ಬಿಟ್ಟರೂ ಒಳಗೆ ಬಿಡುತ್ತಿದೆ. ಒಮ್ಮೆ ನೋಡ್ತೀಯಾ?" ಎರಡನೆಯದನ್ನು ಓದಿದವನಿಗೆ ಮಾಡಲು ಒಂದು ಕೆಲಸ ಸಿಗುತ್ತದೆ.

ಇದಕ್ಕಿಂತ ಕಷ್ಟವಾದದ್ದು ತಂಡದ ಮುಂದೆ ಆಡಬೇಕಾದ ಮಾತು. "ನಿಮ್ಮ ಕೋಡನ್ನು ಕೇಳದೇ ಬದಲಿಸಿದೆ. ಇನ್ನು ಹಾಗೆ ಮಾಡಲ್ಲ" ಎಂದು ಹೇಳು ಎಂದೆ. "ಕೆಲಸ ಮಾಡಿದ್ದು ನಾನು, ಕ್ಷಮೆ ಕೇಳುವುದೂ ನಾನಾ?" ಎಂದು ಅತ್ತಳು. ಒತ್ತಾಯ ಮಾಡಲಿಲ್ಲ. ಮುಂದಿನ ಸಲ ಬಂದಾಗ ಹೇಳಿ ಬಂದಿದ್ದಳು.

ಉಳಿದದ್ದು ದಿನದಿನದ ಶಿಸ್ತು. ಐದು ಜನರಲ್ಲಿ ಪರಸ್ಪರ ಮಾತಾಡಬೇಕಾದ ಹತ್ತು ಜೋಡಿಗಳಾಗುತ್ತವೆ. ಎಲ್ಲವನ್ನೂ ಬಾಯಿಮಾತಿನಲ್ಲಿ ದಾಟಿಸಲು ಆಗುವುದಿಲ್ಲ. ಕೆಲಸಗಳನ್ನು ಎರಡು ದಿನದಲ್ಲಿ ಮುಗಿಯುವ ತುಂಡುಗಳಾಗಿ ಮಾಡಿ, ಎಲ್ಲರಿಗೂ ಕಾಣುವ ಕಡೆ ಹೆಸರು ಹಾಕಿ ಬರೆಯಿರಿ. 'ಮುಗಿದಿದೆ' ಅಂದರೆ ಏನು ಎಂದು ಮೊದಲೇ ಒಪ್ಪಿಕೊಳ್ಳಿ: ಓಡುತ್ತದೆ, ಅದನ್ನು ಪರೀಕ್ಷಿಸುವ ಟೆಸ್ಟ್ ಕೋಡ್ ಇದೆ, ಇನ್ನೊಬ್ಬರು ನೋಡಿದ್ದಾರೆ. ಎಲ್ಲರ ಕೋಡ್ ಒಟ್ಟುಗೂಡಿಸುವುದನ್ನು (ಮರ್ಜ್) ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ. ಆಗ ಒಬ್ಬರ ಬದಲಾವಣೆ ಇನ್ನೊಬ್ಬರದಕ್ಕೆ ಹೊಂದದೆ ಬರುವ ಕಾನ್‌ಫ್ಲಿಕ್ಟ್‌ಗಳಿಗೇ ಎಷ್ಟೋ ತಂಡಗಳ ಕೊನೆಯ ರಾತ್ರಿಗಳು ಹೋಗುತ್ತವೆ.

ನಿದ್ದೆಗೆ ಒಂದೇ ನಿಯಮ ಇಟ್ಟೆವು. ರಾತ್ರಿ ಹತ್ತರ ಮೇಲೆ ಕಂಡ ದೋಷವನ್ನು ಬರೆದಿಡಬೇಕು, ತಿದ್ದಬಾರದು. ಕೆಲವು ವಾರ ಕಳೆದರೂ ನಿದ್ದೆ ಸರಿಯಾಗದಿದ್ದರೆ ವೈದ್ಯರನ್ನು ಕಾಣಲೇಬೇಕು ಎಂದೂ ಹೇಳಿದೆ.

ಮೂವರು ನಿಧಾನವಾಗಿ ವಾಪಸ್ ಬಂದರು. ಅವರಲ್ಲಿ ಒಬ್ಬ ಟೆಸ್ಟ್ ಬರೆಯುವ ಕೆಲಸ ಮಾತ್ರ ಕೇಳಿದ. ಅದನ್ನು ಚಿಕ್ಕ ಕೆಲಸ ಎಂದುಕೊಳ್ಳಬೇಡ ಎಂದು ಈಕೆಗೆ ಹೇಳಬೇಕಾಯಿತು. ಯೋಜನೆಯಲ್ಲಿದ್ದ ಎರಡು ಫೀಚರ್‌ಗಳನ್ನು ತಂಡ ಕೂತು ಮಾತಾಡಿ ಕೈಬಿಟ್ಟಿತು. ಡೇಟಾಬೇಸ್ ಭಾಗ ತಾನು ಬರೆದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು ಎಂದು ಆಕೆ ಈಗಲೂ ಹೇಳುತ್ತಾಳೆ. ಟೆಸ್ಟ್ ಪಾಸಾಗುತ್ತಿದ್ದರೆ ಬಿಟ್ಟುಬಿಡು ಎಂದಿದ್ದೇನೆ.

ನಾಲ್ಕನೆಯವನು ಬರಲೇ ಇಲ್ಲ. ಅವನಿಗೆ ಒಂದು ನಿರ್ದಿಷ್ಟ ಕೆಲಸ, ಒಂದು ತಾರೀಖು ಕೊಟ್ಟು ಮೆಸೇಜ್ ಮಾಡು, ಉತ್ತರ ಬರದಿದ್ದರೆ ಗೈಡ್‌ಗೆ ತಿಳಿಸು ಎಂದೆ. ಅದು ಚಾಡಿ ಅಲ್ಲ. ಕಂಪನಿಯಲ್ಲಾದರೂ ಕೆಲಸ ನಿಂತಿದ್ದರೆ ಮೇಲಿನವರಿಗೆ ತಿಳಿಸಲೇಬೇಕು. ಉತ್ತರ ಬರಲಿಲ್ಲ. ತಂಡದ ಉಳಿದ ನಾಲ್ವರೂ ಸೇರಿ ಕಮಿಟ್‌ಗಳ ಪಟ್ಟಿ ಮತ್ತು ರಿವ್ಯೂಗಳನ್ನು ಹಿಡಿದುಕೊಂಡು ಹೋದರು. ಗೈಡ್ ಅವನನ್ನು ಕರೆಸಿ ಬೇರೆಯಾಗಿ ಮಾತಾಡಿದರು. ಒಬ್ಬೊಬ್ಬರ ಭಾಗವನ್ನು ಬೇರೆಯಾಗಿಯೇ ಪ್ರಶ್ನೆ ಕೇಳಿ ಮಾರ್ಕ್ಸ್ ಕೊಡುವುದಾಗಿ ತಿಳಿಸಿದರು.