ಸಾಸಿವೆ ಕಾಳಿನ ಮಾತು ಯಾರಿಗೆ ಹೇಳಿದ್ದು?

ತಾಯಿಯನ್ನು ಸಮಾಧಿ ಮಾಡಿ ಬಂದ ಮೂರನೆಯ ದಿನ ಮನೆಯಲ್ಲಿ ನಡೆದದ್ದನ್ನು ಓದುಗರೊಬ್ಬರು ನಾಲ್ಕು ಪುಟಗಳಲ್ಲಿ ಬರೆದು ಕಳುಹಿಸಿದ್ದಾರೆ. ಓದಿ ಮುಗಿಸುವಷ್ಟರಲ್ಲಿ ನನಗೆ ಸಿಟ್ಟು ನೆತ್ತಿಗೇರಿತ್ತು. ಇಳಿಯಲೆಂದು ಎರಡು ದಿನ ಕಾದೆ. ಇಳಿಯಲಿಲ್ಲ, ಹಾಗೆಯೇ ಬರೆಯುತ್ತಿದ್ದೇನೆ.

ಪಾರ್ಶ್ವವಾಯು ಬಡಿದ ತಾಯಿ 14 ತಿಂಗಳು ಹಾಸಿಗೆ ಹಿಡಿದಿದ್ದರು. ನೋಡಿಕೊಂಡವರು ಈ ಮಗಳೊಬ್ಬರೇ. ಪ್ರಾರ್ಥನಾ ಕೂಟದವರು ವಾರವಾರ ಬಂದು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು, ಗುಣವಾಗಲಿಲ್ಲ. ತಾಯಿ ತೀರಿಕೊಂಡು ಈಗ ಮೂರು ತಿಂಗಳು. ಆ ಮೂರನೆಯ ದಿನ ಕೂಟ ನಡೆಸುವ ಹಿರಿಯ ಮಹಿಳೆ ಹೊರಡುವಾಗ ಬಾಗಿಲಲ್ಲಿ ನಿಂತು, “ನಿನಗೆ ಸಾಸಿವೆ ಕಾಳಿನಷ್ಟು ನಂಬಿಕೆ ಇದ್ದಿದ್ದರೆ ಅಮ್ಮ ಎದ್ದು ಓಡಾಡುತ್ತಿದ್ದರು” ಎಂದರಂತೆ. ಪಕ್ಕದಲ್ಲಿದ್ದ ಅಣ್ಣ ತಲೆಯಾಡಿಸಿದರಂತೆ. ಅಂದಿನಿಂದ ಇವರ ಬಾಯಲ್ಲಿ ಪ್ರಾರ್ಥನೆ ಬರುತ್ತಿಲ್ಲ. 21 ದಿನ ಉಪವಾಸವಿದ್ದು ಪಶ್ಚಾತ್ತಾಪಪಡು ಎಂದು ಕೂಟದವರು ಹೇಳಿ ಕಳುಹಿಸಿದ್ದಾರೆ. “ನನ್ನ ಅಪನಂಬಿಕೆಯೇ ಅಮ್ಮನನ್ನು ಕೊಂದಿತೇ? ಉಪವಾಸ ಶುರುಮಾಡಲೇ?”

ಸಹೋದರಿ, ಮೊದಲನೆಯದಕ್ಕೆ ಉತ್ತರ ‘ಇಲ್ಲ’. ಎರಡನೆಯದಕ್ಕೆ ‘ಬೇಡ’.

ಈ ಅಂಕಣದಲ್ಲಿ ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ: ಒಬ್ಬರ ಮೇಲೆ ಸತ್ಯವೇದದ (ಬೈಬಲಿನ) ವಚನ ಎಸೆಯುವ ಮುನ್ನ ಆ ಅಧ್ಯಾಯವನ್ನು ಪೂರ್ತಿ ಓದಿ. ಸಾಸಿವೆ ಕಾಳಿನ ಮಾತು ಮತ್ತಾಯನ ಸುವಾರ್ತೆಯ 17ನೇ ಅಧ್ಯಾಯದಲ್ಲಿದೆ. ಮೂರ್ಛೆ ಬಂದು ಬೆಂಕಿಗೂ ನೀರಿಗೂ ಬೀಳುತ್ತಿದ್ದ ಮಗನನ್ನು ತಂದೆಯೊಬ್ಬ ಶಿಷ್ಯರ ಬಳಿಗೆ ಕರೆತರುತ್ತಾನೆ. ಅವರಿಂದ ಆಗುವುದಿಲ್ಲ. ಯೇಸು ಗುಣಪಡಿಸುತ್ತಾನೆ. ಆಮೇಲೆ ಶಿಷ್ಯರು ಯಾರೂ ಇಲ್ಲದಾಗ ಬಂದು, ನಮ್ಮಿಂದ ಯಾಕೆ ಆಗಲಿಲ್ಲ ಎಂದು ಕೇಳುತ್ತಾರೆ. ನಿಮ್ಮ ನಂಬಿಕೆ ಕಡಿಮೆ, ಸಾಸಿವೆ ಕಾಳಿನಷ್ಟಿದ್ದರೂ ಬೆಟ್ಟ ಕದಲುತ್ತಿತ್ತು ಎಂಬ ಮಾತು ಬರುವುದು ಆಗ. ಕೇಳಿಸಿಕೊಂಡವರು ಗುಣಪಡಿಸಲು ಹೋಗಿ ಸೋತವರು. ರೋಗಿಯ ಮನೆಯವನು ಆ ಮಾತಿನ ಹತ್ತಿರದಲ್ಲೂ ಇರಲಿಲ್ಲ. ಲೆಕ್ಕ ಹಾಕಲೇಬೇಕೆಂದಿದ್ದರೆ, ನಿಮ್ಮ ಮನೆಯಲ್ಲಿ ವಾರವಾರ ಕೈಯಿಟ್ಟವರು ಯಾರು? ಬಾಗಿಲಲ್ಲಿ ನಿಂತವರು ಆ ವಚನವನ್ನು ಮನೆಗೆ ಒಯ್ದು ತಮಗೇ ಓದಿಕೊಳ್ಳಬೇಕಿತ್ತು.

ತಂದೆಗೂ ನಂಬಿಕೆಯ ಮಾತು ಹೇಳಲಾಗಿತ್ತಲ್ಲ ಎಂದು ಯಾರಾದರೂ ಇದೇ ಘಟನೆಯನ್ನು ಹೇಳುವ ಮಾರ್ಕನ ಸುವಾರ್ತೆಯ 9ನೇ ಅಧ್ಯಾಯ ತೆರೆಯಬಹುದು. ತೆರೆಯಲಿ. ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು ಎಂದು ಆ ಮನುಷ್ಯ ಕೂಗಿಕೊಳ್ಳುತ್ತಾನೆ. ಅರೆಬರೆ ನಂಬಿಕೆಯೆಂದು ತಾನೇ ಒಪ್ಪಿಕೊಂಡ. ಮಗ ಗುಣವಾದ.

ಇನ್ನು ಸಭೆಗಳಿಗೆ ಪತ್ರಗಳನ್ನು ಬರೆದ ಅಪೊಸ್ತಲ ಪೌಲ. ಎಷ್ಟೋ ಜನರನ್ನು ಗುಣಪಡಿಸಿದವನು ತನ್ನ ಜೊತೆಗಾರ ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟುಬಂದೆ ಎಂದು ಒಂದೇ ಸಾಲಿನಲ್ಲಿ ಬರೆಯುತ್ತಾನೆ. ತ್ರೊಫಿಮನ ನಂಬಿಕೆಯ ಬಗ್ಗೆ ಚಕಾರವಿಲ್ಲ. ಪದೇ ಪದೇ ಕಾಯಿಲೆ ಬೀಳುತ್ತಿದ್ದ ತಿಮೊಥೆಯನಿಗೆ ಹೊಟ್ಟೆಗಾಗಿ ಸ್ವಲ್ಪ ದ್ರಾಕ್ಷಾರಸ ತೆಗೆದುಕೊ ಎನ್ನುತ್ತಾನೆ. ಶರೀರದ ಮುಳ್ಳು ಎಂದು ತಾನೇ ಕರೆದ ಬಾಧೆಯನ್ನು ತೆಗೆಯೆಂದು ಮೂರು ಸಾರಿ ಬೇಡಿಕೊಂಡ. ಮುಳ್ಳು ಹೋಗಲಿಲ್ಲ, ಕೃಪೆ ಸಾಕು ಎಂಬ ಉತ್ತರ ಬಂತು. ನಿಮ್ಮ ಕೂಟದವರು ಪೌಲನಿಗೂ 21 ದಿನ ಹೇಳುತ್ತಿದ್ದರೇನೋ.

ನಾನೂ ಇಂಥ ಕೆಲಸ ಮಾಡಿದವನೇ, ಹಾಗಾಗಿ ಕಂಡರೆ ಗುರುತು ಹಿಡಿಯುತ್ತೇನೆ. ಆಸ್ಪತ್ರೆಯ ವಾರ್ಡಿನಲ್ಲಿ ಸ್ನೇಹಿತನ ಮಂಚದ ಪಕ್ಕ ನಿಂತು, ಎಲ್ಲವೂ ಒಳ್ಳೆಯದಕ್ಕಾಗಿಯೇ ಎನ್ನುವ ರೋಮಾಪುರದವರ ಪತ್ರದ ವಚನವನ್ನು ಓದಿದ್ದೆ. ಅವನು ಗೋಡೆಯ ಕಡೆಗೆ ಹೊರಳಿದ. ನಾನು ಮುಂದಿನ ವಚನವನ್ನೂ ಓದಿದೆ! ಮಕ್ಕಳನ್ನೂ ಆರೋಗ್ಯವನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ಹಗಲು ಏಳು ರಾತ್ರಿ ನೆಲದ ಮೇಲೆ ಸುಮ್ಮನೆ ಕುಳಿತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದು ಕೆಟ್ಟರು. ಕೊನೆಗೆ, ಯೋಬನು ನಿಮಗಾಗಿ ಪ್ರಾರ್ಥಿಸಲಿ ಎಂದು ದೇವರೇ ಅವರಿಗೆ ಹೇಳಬೇಕಾಯಿತು. ಆ ಮಹಿಳೆ ಇನ್ನೊಮ್ಮೆ ಬಂದರೆ ಅದನ್ನೇ ಕೇಳಿಕೊಂಡು ಬರಲಿ.

ನಿಮ್ಮ ಅಣ್ಣನ ವಿಷಯಕ್ಕೆ ನಾನು ಇನ್ನೂ ಕಠಿಣ. ಆ 14 ತಿಂಗಳಲ್ಲಿ ಅವರು ಎಷ್ಟು ರಾತ್ರಿ ಅಮ್ಮನ ಕೋಣೆಯಲ್ಲಿ ಮಲಗಿದ್ದರು ಎಂಬುದು ನಾಲ್ಕು ಪುಟಗಳಲ್ಲಿ ಎಲ್ಲೂ ಇಲ್ಲ. ಇಲ್ಲದಿರುವುದಕ್ಕೆ ಕಾರಣವನ್ನು ಊಹಿಸಬಲ್ಲೆ. ತಂಗಿಯ ನಂಬಿಕೆ ಕಡಿಮೆಯಾಗಿತ್ತು ಎಂದು ಒಪ್ಪಿದರೆ ತಾನು ಬಾರದೆ ಇದ್ದದ್ದನ್ನು ಯಾರೂ ಕೇಳುವುದಿಲ್ಲವಲ್ಲ! ತಲೆಯಾಡಿಸುವುದು ಬಹಳ ಅಗ್ಗದ ಸೇವೆ.

ಈಗ ನೀವು ಕೊನೆಯ ಪುಟದಲ್ಲಿ ಹೋಗಲಿ ಬಿಡಿ ಎಂಬಂತೆ ಬರೆದ ಸಾಲಿಗೆ ಬರುತ್ತೇನೆ. ಅಮ್ಮನ ಮಗ್ಗುಲು ಬದಲಿಸಲು 11, 1, 3 ಮತ್ತು 5 ಗಂಟೆಗೆ ಇಟ್ಟಿದ್ದ ಅಲಾರಾಂ ಮೊಬೈಲಿನಲ್ಲಿ ಇನ್ನೂ ಹಾಗೆಯೇ ಇದೆ, ತೆಗೆಯಲು ಮನಸ್ಸು ಬರುತ್ತಿಲ್ಲ ಎಂದಿದ್ದೀರಿ. ಕೊನೆಯವರೆಗೂ ಅವರ ಬೆನ್ನಿನಲ್ಲಿ ಒಂದು ಹುಣ್ಣೂ ಆಗಲಿಲ್ಲ ಎಂದೂ ಅಲ್ಲೇ ಬರೆದಿದ್ದೀರಿ. ಕಾಗದದ ಅಂಚಿನಲ್ಲಿ ಲೆಕ್ಕ ಹಾಕಿದೆ: ರಾತ್ರಿಗೆ ನಾಲ್ಕು ಸಲದಂತೆ 1,600ಕ್ಕೂ ಹೆಚ್ಚು ಬಾರಿ ಎದ್ದಿದ್ದೀರಿ. ಒಂದು ಕೈ ಭುಜದ ಕೆಳಗೆ, ಒಂದು ಕೈ ಸೊಂಟದ ಕೆಳಗೆ, ಬೆನ್ನಿಗೆ ದಿಂಬು, ಮೊಣಕಾಲುಗಳ ನಡುವೆ ಮಡಿಸಿದ ಬಟ್ಟೆ. ಕತ್ತಲಲ್ಲಿ, ಯಾರೂ ಆಮೆನ್ ಹೇಳದೆ. ಇದನ್ನು ಪ್ರಾರ್ಥನೆಯೆಂದು ಲೆಕ್ಕಕ್ಕೆ ಹಿಡಿಯದ ಕೂಟದಲ್ಲಿ ಇಷ್ಟು ದಿನ ಕುಳಿತಿದ್ದಿರಿ, ಅಷ್ಟೇ.

ಅಂದರೆ ಆ 14 ತಿಂಗಳು, ಅಲಾರಾಂ ಬಿಡದ ಈ ಮೂರು ತಿಂಗಳು ಸೇರಿ ನೀವು 17 ತಿಂಗಳಿಂದ ಒಂದು ರಾತ್ರಿಯೂ ಕಣ್ತುಂಬ ನಿದ್ರೆ ಮಾಡಿಲ್ಲ. ಪ್ರಾರ್ಥನೆ ಎಲ್ಲಿಂದ ಬರಬೇಕು?

ಪ್ರವಾದಿ ಎಲೀಯನೂ ಹೀಗೇ ಸೋತು ಅಡವಿಯಲ್ಲಿ ಗಿಡದ ಕೆಳಗೆ ಬಿದ್ದುಕೊಂಡು ಸಾವು ಬೇಡಿದ. ದೇವದೂತನು ಬಂದು ನಂಬಿಕೆಯ ಪಾಠ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ಎದ್ದು ತಿನ್ನು ಎಂದ. ತಿಂದ ಎಲೀಯ ಮತ್ತೆ ಮಲಗಿದ. ದೂತನು ಮಲಗಲು ಬಿಟ್ಟ, ಎರಡನೆಯ ಸಾರಿ ಎಬ್ಬಿಸಿ ಮತ್ತೆ ತಿನ್ನಿಸಿದ. ಇಲ್ಲೇನು ಮಾಡುತ್ತೀ ಎಂಬ ದೇವರ ಪ್ರಶ್ನೆ ಬಂದದ್ದು 40 ದಿನಗಳ ದಾರಿ ನಡೆದು ಹೋರೇಬ್ ಬೆಟ್ಟ ಸೇರಿದ ಮೇಲೆ. ಅಂಥವನಿಗೇ ಉಪವಾಸ ಹೇಳದ ದೇವರು ನಿಮಗೆ ಹೇಳುತ್ತಾರೆಯೇ?

ಮಾತು ಬೇಕೇ ಬೇಕೆನಿಸಿದರೆ 88ನೇ ಕೀರ್ತನೆ ಇದೆ. ಅದು ಸ್ತೋತ್ರಕ್ಕೆ ತಿರುಗುವುದೇ ಇಲ್ಲ, ಕತ್ತಲೆಯಲ್ಲೇ ನಿಲ್ಲುತ್ತದೆ. ಅದನ್ನೂ ಸತ್ಯವೇದದಿಂದ ಯಾರೂ ಕಿತ್ತುಹಾಕಿಲ್ಲ. ಆದರೆ ಅದು ನಾಳೆಯ ಮಾತು. ಇವತ್ತು ಮಾಡಬೇಕಾದ್ದು ಒಂದೇ: ಹೊಟ್ಟೆ ತುಂಬ ಊಟ ಮಾಡಿ, ಮೊಬೈಲ್ ತೆಗೆದುಕೊಂಡು ಆ ನಾಲ್ಕೂ ಅಲಾರಾಂಗಳನ್ನು ಅಳಿಸಿ, ಮಲಗಿ. ಭಾನುವಾರದ ಆರಾಧನೆಯ ಹೊತ್ತು ಮೀರಿ ಎಚ್ಚರವಾದರೂ ಪರವಾಗಿಲ್ಲ. ಯಾಕೆ ಬರಲಿಲ್ಲ ಎಂದು ಪಾಸ್ಟರ್ ಕೇಳಿದರೆ ಈ ಅಂಕಣ ತೋರಿಸಿ. ಅಣ್ಣ ಕೇಳಿದರೆ ಉತ್ತರ ಕೊಡುವ ಅಗತ್ಯವಿಲ್ಲ.